ಫಾಗ್ ಲೈಟಿನ ಬೆಳಕಿನಲ್ಲಿ ಓಮ್‌ನ ನಿಯಮ

"ಓಮ್‌ನ ನಿಯಮ ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಸಾರ್?" ಎಂದು ಹತ್ತನೆಯ ತರಗತಿಯಲ್ಲಿ ಪ್ರತಿವರ್ಷವೂ ಒಬ್ಬರಾದರೂ ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ಇಪ್ಪತ್ತು ವರ್ಷದ ಹಳೆಯ ಕಾರು ಅದಕ್ಕೊಂದು ಒಳ್ಳೆಯ ಉದಾಹರಣೆ ಒದಗಿಸಿತು.

ಮೊಮ್ಮಗಳನ್ನು ಕರೆದುಕೊಂಡು ಕೊಟ್ಟಿಗೆಹಾರದ ದಾರಿಯಾಗಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಮಳೆಗಾಲದಲ್ಲಿ ಆ ತಿರುವುಗಳಲ್ಲಿ ಹಗಲಿನಲ್ಲೇ ಮಂಜು ಕವಿಯುತ್ತದೆ. ಹೈ ಬೀಮ್ ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ಆದ್ದರಿಂದಲೇ ಫಾಗ್ ಲೈಟುಗಳನ್ನು ಬಂಪರಿನಲ್ಲಿ ತಗ್ಗಾಗಿ ಕೂರಿಸುವುದು. ನಮ್ಮ ಕಾರಿನಲ್ಲಿ ಬಲಗಡೆಯದು ಚೆನ್ನಾಗಿತ್ತು, ಎಡಗಡೆಯದು ಮಾತ್ರ ಮಂಕಾಗಿ ಉರಿಯುತ್ತಿತ್ತು.

ಒಬ್ಬ ಮೆಕ್ಯಾನಿಕ್ ಬಲ್ಬು ಬದಲಿಸಿದ, ಫಲವಾಗಲಿಲ್ಲ. ಸ್ವಿಚ್ಚು, ರಿಲೇ, ವೈರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದ. ನಾನು ಒಪ್ಪಲಿಲ್ಲ. ಫ್ಯೂಸು, ರಿಲೇ, ಸ್ವಿಚ್ಚು ಎರಡು ದೀಪಗಳಿಗೂ ಒಂದೇ. ಒಂದು ದೀಪ ಸರಿಯಾಗಿ ಉರಿಯುವಾಗ ದೋಷ ಅಲ್ಲಿರಲಾರದು.

ಉಳ್ಳಾಲ ಮುಖ್ಯರಸ್ತೆಯಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬ ಮಲ್ಟಿಮೀಟರು ಹಿಡಿದು ಮನೆಗೇ ಬಂದ. "ದೀಪ ಉರೀತಿರುವಾಗಲೇ ಅಳೀಬೇಕು ಮೇಷ್ಟ್ರೇ" ಎಂದು, ಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ಥ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಮುಟ್ಟಿಸಿದ. ಸೊನ್ನೆಯ ಸಮೀಪ ಇರಬೇಕಾದ ಮುಳ್ಳು ಸುಮಾರು 2 ವೋಲ್ಟ್ ತೋರಿಸಿತು. ಅರ್ಥ್ ತಂತಿಯನ್ನು ಬಾಡಿಗೆ ಬಿಗಿದಿದ್ದ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು.

ಲೆಕ್ಕ ಸರಳ. 12 ವೋಲ್ಟಿನಲ್ಲಿ 55 ವ್ಯಾಟಿನ ಬಲ್ಬು ಸುಮಾರು 4.6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಅರ್ಧ ಓಮ್‌ನಷ್ಟು ರೋಧ ಸೇರಿಕೊಂಡರೆ ಪ್ರವಾಹ 4 ಆಂಪಿಯರಿನ ಸಮೀಪಕ್ಕೆ ಇಳಿದು, ಸುಮಾರು 2 ವೋಲ್ಟ್ ತುಕ್ಕಿನಲ್ಲೇ ವ್ಯಯವಾಗುತ್ತದೆ. ಬಲ್ಬಿಗೆ ಉಳಿಯುವುದು 10. ಬೆಳಕು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದೀಪ ಆರಿಸಿ ಬರಿಯ ಸಂಪರ್ಕ ಪರೀಕ್ಷಿಸಿದ್ದರೆ ಮೀಟರು "ಬೀಪ್" ಎಂದು ಎಲ್ಲವೂ ಸರಿಯೆಂದೇ ಹೇಳುತ್ತಿತ್ತು.

ಅವನು ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದ. ಖರ್ಚು ಒಂದು ಲೋಟ ಕಾಫಿ.

1827ರಲ್ಲಿ ಈ ನಿಯಮವನ್ನು ಪುಸ್ತಕದಲ್ಲಿ ಪ್ರಕಟಿಸಿದ ಗಿಯಾರ್ಗ್ ಓಮ್ ಅದಕ್ಕೂ ಮುನ್ನ ಜರ್ಮನಿಯ ಕಲೋನ್ ನಗರದಲ್ಲಿ ಪ್ರೌಢಶಾಲಾ ಮೇಷ್ಟ್ರಾಗಿದ್ದವನು. ಹಳೆಯ ಕಾರು ಇಟ್ಟುಕೊಂಡಿರುವ ನನ್ನ ಶಿಷ್ಯರೇ, ಹೊಸ ಸಾಮಾನು ಕೊಳ್ಳುವ ಮೊದಲು ಅರ್ಥ್ ಬೋಲ್ಟನ್ನೊಮ್ಮೆ ನೋಡಿ. ತಂತಿಯಾಗಲಿ ಮನುಷ್ಯನಾಗಲಿ, ಭಾರ ಹೊತ್ತಾಗಲೇ ನಿಜವಾದ ಪರೀಕ್ಷೆ.