ಸರಿಜೋಡಿ

ಆಟ ಕಲಿಯುವವನಿಗೆ ಎರಡು ಅಪಾಯಗಳುಂಟು: ಸದಾ ಸೋಲುವುದು ಒಂದು, ಸದಾ ಗೆಲ್ಲುವುದು ಇನ್ನೊಂದು. ಚಿಕ್ಕವರ ಮನಸ್ಸು ನೋಯಬಾರದೆಂದು ಹಿರಿಯರು ಬೇಕೆಂದೇ ಸೋಲುತ್ತಾರೆ. ಮುದುಕರ ಮನಸ್ಸು ನೋಯಬಾರದೆಂದು ಚಿಕ್ಕವರು ಬೇಕೆಂದೇ ಸೋಲುತ್ತಾರೆ. ನನಗೀಗ ಎರಡನೆಯ ಬಗೆಯ ಮರ್ಯಾದೆ ಸಲ್ಲುವ ವಯಸ್ಸು. ನಿವೃತ್ತನಾದ ಮೇಲೆ ಚದುರಂಗ ಕಲಿಯಲು ಕುಳಿತಾಗ, ಮಗ ನನ್ನೆದುರು ತನ್ನ ಮಂತ್ರಿಯನ್ನು ಅನಾಥವಾಗಿ ಬಿಟ್ಟು ಕಿಟಕಿಯ ಕಡೆ ನೋಡುತ್ತಿದ್ದ. ಅಂಥ ಗೆಲುವು ಸಕ್ಕರೆ ಹಾಕದ ಪಾಯಸ.

ಕಡೆಗೆ ಮೊಮ್ಮಗಳು ನನ್ನ ಫೋನಿನಲ್ಲಿ ಲಿಚೆಸ್ ಎಂಬ ತಾಣವನ್ನು ತೆರೆದುಕೊಟ್ಟಳು. 2010ರಲ್ಲಿ ಫ್ರಾನ್ಸಿನ ಥಿಬೋ ಡುಪ್ಲೆಸಿ ಎಂಬುವರು ಆರಂಭಿಸಿದ್ದು. ಚಂದಾ ಇಲ್ಲ, ಜಾಹೀರಾತಿಲ್ಲ. ನಮ್ಮ ಅರವಟ್ಟಿಗೆಯ ಹಾಗೆ ದಾನಿಗಳಿಂದ ನಡೆಯುತ್ತದೆ. ಬಾಗಿಲಲ್ಲೇ ನನಗೆ 1500 ಅಂಕ ಸಿಕ್ಕಿತು. ಹಿಗ್ಗುವಷ್ಟರಲ್ಲಿ ಅದರ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಕಣ್ಣಿಗೆ ಬಿತ್ತು. “ನೀವು ಎಷ್ಟರವರೂಂತ ಅದಕ್ಕಿನ್ನೂ ಗೊತ್ತಾಗಿಲ್ಲ, ತಾತ” ಎಂದಳು ಮೊಮ್ಮಗಳು. ನಾಲ್ಕಾರು ಆಟಗಳಲ್ಲೇ ಗೊತ್ತಾಯಿತು. ಅಂಕ ದಡದಡನೆ ಇಳಿದು ಸಾವಿರದ ಕೆಳಗೆ ನಿಂತಿತು.

ಅವಮಾನವೆನ್ನುವಿರಾ? ಅಲ್ಲ, ಅದೇ ಉಪಕಾರ. ಇಳಿದಂತೆಲ್ಲ ನನ್ನಂಥವರೇ ಎದುರಾದರು: ಕುದುರೆಯನ್ನು ಪುಕ್ಕಟೆ ಕೊಡುವವರು, ಆನೆಯನ್ನು ಇಟ್ಟಲ್ಲೇ ಮರೆಯುವವರು. ಒಂದು ಸೋತರೆ ಒಂದು ಗೆಲ್ಲತೊಡಗಿದೆ. ಆ ಗೆಲುವು ಯಾರ ದಾಕ್ಷಿಣ್ಯವೂ ಅಲ್ಲ. ಎದುರಿಗಿರುವುದು ಶಾಲೆಯ ಹುಡುಗನೋ ನಿವೃತ್ತ ನ್ಯಾಯಾಧೀಶರೋ ನಾನರಿಯೆ. ನನ್ನ ನರೆಗೂದಲು ಅವರಿಗೂ ಕಾಣದು.

ಈ ಲೆಕ್ಕದ ಮೂಲಪುರುಷರು ಅರ್ಪಾದ್ ಎಲೊ. ಹಂಗೆರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಸ್ಥೆ 1960ರಲ್ಲಿಯೂ ಅಂತರರಾಷ್ಟ್ರೀಯ ಸಂಸ್ಥೆ 1970ರಲ್ಲಿಯೂ ಒಪ್ಪಿಕೊಂಡವು. ಇಬ್ಬರ ಅಂಕವೂ ಸಮನಾಗಿದ್ದರೆ ನೂರು ಆಟಗಳಲ್ಲಿ ನಿಮ್ಮ ಪಾಲು 50. ಎದುರಾಳಿ 200 ಅಂಕ ಮೇಲಿದ್ದರೆ ಸುಮಾರು 24. 400 ಮೇಲಿದ್ದರೆ ಸುಮಾರು 9. ಒಂಬತ್ತರ ಆಸೆಯಲ್ಲಿ ಎಷ್ಟು ಜನ ಹೊಸಬರು ಹಲಗೆಯ ಮುಂದೆ ಕುಳಿತಾರು? ಲಿಚೆಸ್ ಬಳಸುವುದು ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಮುಂದುವರಿಸಿ ರೂಪಿಸಿದ ಗ್ಲಿಕೊ-2 ಪದ್ಧತಿಯನ್ನು. ಅಂಕದ ಜೊತೆಗೆ, ಆ ಅಂಕವನ್ನು ಎಷ್ಟು ನಂಬಬಹುದೆಂಬುದನ್ನೂ ಅದು ಲೆಕ್ಕವಿಡುತ್ತದೆ. ಹೊಸಬನ ಅಂಕ ಜಿಗಿಯುವುದೂ ಹಳಬನದು ತೆವಳುವುದೂ ಆ ಕಾರಣದಿಂದಲೇ.

ಸೋತ ಮೇಲಿನ ಉಪಚಾರವೂ ಚೆನ್ನು. ಕೇಳಿಕೊಂಡರೆ ಯಂತ್ರ ನಾನು ಎಡವಿದ ನಡೆಗೇ ಹಿಂದಕ್ಕೆ ಕರೆದೊಯ್ದು, ಇದಕ್ಕಿಂತ ಒಳ್ಳೆಯದನ್ನು ಹುಡುಕೆನ್ನುತ್ತದೆ. ಗದರುವುದಿಲ್ಲ, ನಗುವುದೂ ಇಲ್ಲ. ಬಿಡಿಸಲು ಸಮಸ್ಯೆಗಳನ್ನೂ ಕೊಡುತ್ತದೆ. ಯಾರೋ ನಿಜವಾಗಿ ಆಡಿದ ಆಟಗಳಿಂದ ಆಯ್ದವು. ಸಮಸ್ಯೆಗೂ ಅಂಕವುಂಟು! ನಾನು ಬಿಡಿಸಲಾರದೆ ಹೋದರೆ ಅದರ ಅಂಕ ಏರುತ್ತದೆ. ನನ್ನ ದಡ್ಡತನದಿಂದ ಅದಾದರೂ ಉದ್ಧಾರವಾಗಲಿ.

ಆದರೆ ಹಿಡಿದು ಕೂರಿಸುವ ಗುಣಕ್ಕೆ ಇನ್ನೊಂದು ಮುಖವೂ ಇದೆ. ಸೋತವನಿಗೆ ಮರಳಿ ಗೆಲ್ಲುವ ಆಸೆ, ಗೆದ್ದವನಿಗೆ ಇನ್ನೊಂದು ಮೆಟ್ಟಿಲ ಆಸೆ. ‘ಇನ್ನೊಂದೇ ಆಟ’ ಎನ್ನುತ್ತ ಗಡಿಯಾರ ಹನ್ನೆರಡು ದಾಟುತ್ತದೆ. ಹಣಕ್ಕಾಗಿ ಕಟ್ಟಿದ ಆಟಗಳಲ್ಲಿ ಈ ಆಸೆಯೇ ಬಂಡವಾಳ. ಇಲ್ಲಿ ಬೇಡವಾದವರು ಅಂಕವನ್ನು ಮರೆಮಾಡಿ ಆಡಬಹುದು. ನನಗಿನ್ನೂ ಅಷ್ಟು ವೈರಾಗ್ಯ ಬಂದಿಲ್ಲ. ಊಟಕ್ಕೆ ಕರೆ ಬಂದೊಡನೆ ಏಳುವುದನ್ನು ಮಾತ್ರ ನಿಯಮವಾಗಿಟ್ಟುಕೊಂಡಿದ್ದೇನೆ.

“ವರ್ಷವಾಯಿತು, ಇನ್ನೂ ಅರ್ಧಕ್ಕರ್ಧ ಸೋಲುತ್ತೀರಲ್ಲ!” ಎನ್ನುತ್ತಾಳೆ ನನ್ನಾಕೆ. ನಿಜ. ನಾನು ಒಂದು ಮೆಟ್ಟಿಲು ಹತ್ತಿದರೆ ಯಂತ್ರ ಆ ಮೆಟ್ಟಿಲಿನವರನ್ನೇ ತಂದು ಎದುರಿಗೆ ಕೂರಿಸುತ್ತದೆ. ಅರ್ಧ ಸೋಲು ಎಂದಿಗೂ ತಪ್ಪದು. ಆದರೆ ಹೋದ ವರ್ಷ ನನ್ನನ್ನು ಸೋಲಿಸುತ್ತಿದ್ದವರು ಕುದುರೆಯ ನಡೆಯನ್ನು ಆಗತಾನೆ ಕಲಿತವರು. ಈಗ ನಾನು ಸೋಲುವುದು ಅವರಿಗಿಂತ ಬಹಳ ದೊಡ್ಡವರ ಕೈಯಲ್ಲಿ.