ಯಾರಿಗೆ ಯಾವ ದೆವ್ವ?

ನಾವು ನಾಲ್ಕು ಮಂದಿ. ಇಬ್ಬರು ವಿಜಯಪುರದವರು, ಒಬ್ಬ ಟಿಕೋಟಾದವ, ಒಬ್ಬಾಕಿ ಬಬಲೇಶ್ವರದಾಕಿ. ಥರ್ಡ್ ಸೆಮ್ ಪರೀಕ್ಷೆ ಮುಗಿದ ದಿನ ಟಿಕೋಟಾದವನ ಮನೆಯಲ್ಲಿ ರಾತ್ರಿಯಿಡೀ ಹಾರರ್ ಸಿನಿಮಾ ನೋಡೋದು ಅಂತ ಠರಾವಾಯಿತು. ಅವನ ಅವ್ವ ಮನೆಯಲ್ಲಿ ಇರ್ತಾರೆ ಅಂದಮೇಲೆ ಬಬಲೇಶ್ವರದಾಕಿಗೂ ಪರವಾನಗಿ ಸಿಕ್ಕಿತು. ಯಾರು ಮೊದಲು ಅಂಜತಾರೋ ಅವರು ಮರುದಿನ ನಾಷ್ಟಾ ಕೊಡಿಸಬೇಕು, ಇದು ಪಂದ್ಯ.

ಮೊದಲು 2013ರ ‘ದಿ ಕಾಂಜುರಿಂಗ್’ ಹಚ್ಚಿದೆವು. ಅದರಲ್ಲಿ ಕಪಾಟಿನ ಒಳಗಿಂದ ಎರಡು ಕೈ ಬಂದು ಚಪ್ಪಾಳೆ ತಟ್ಟುವ ಸೀನ್ ಇದೆಯಲ್ಲ, ಮೂರು ಮಂದಿ ಚಾದರ ಎಳಕೊಂಡೆವು. ನಮ್ಮಲ್ಲೊಬ್ಬ ಮಾತ್ರ ಬಿದ್ದು ಬಿದ್ದು ನಗತಾನೆ! ಅವನ ಮನೆ ಗೋಳಗುಮ್ಮಟದ ಹತ್ತಿರ. ಸಣ್ಣವನಿದ್ದಾಗಿಂದ ಊರಿಗೆ ಬಂದ ನೆಂಟರನ್ನೆಲ್ಲ ಮೇಲಿನ ಗ್ಯಾಲರಿಗೆ ಕರಕೊಂಡು ಹೋಗಿ, ಒಂದು ಚಪ್ಪಾಳೆ ತಟ್ಟಿ, ಅದು ಏಳೆಂಟು ಸಲ ತಿರುಗಿ ಬರೋದನ್ನ ಕೇಳಿಸಿದವ. ಅದು ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಅನ್ನೋದು ಅವನ ತಲೆಯಲ್ಲಿ ಎಂದೂ ಬಂದಿಲ್ಲ. ಅವನಿಗೆ ಕತ್ತಲಲ್ಲಿ ಚಪ್ಪಾಳೆ ಅಂದರೆ ಪಿಕ್‌ನಿಕ್, ಚುರಮುರಿ. ಸೌಂಡ್ ಬಂದ್ ಮಾಡಿ ಅದೇ ಸೀನ್ ಮತ್ತೊಮ್ಮೆ ನೋಡಿದೆವು. ಅರ್ಧ ಹೆದರಿಕೆ ಸ್ಪೀಕರ್‌ನಲ್ಲೇ ಇತ್ತು. ಉಳಿದರ್ಧ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಎರಡನೇದು ‘ಆಪ್ತಮಿತ್ರ’. ನಮಗದು ರೀಲ್ಸ್‌ನಲ್ಲಿ ನೋಡಿ ನೋಡಿ ಸವೆದ ಸಿನಿಮಾ. ನಾಗವಲ್ಲಿ ಬಂದರೆ ಅವಳ ಜೊತೆ ನಾವೂ ಕುಣಿಯೋದು. ಅಡುಗೆಮನೆ ಕೆಲಸ ಮುಗಿಸಿ ಬಂದ ಅವ್ವ ಬಾಗಿಲಲ್ಲೇ ನಿಂತು ನೋಡತಿದ್ದರು. ಸೌಂದರ್ಯ ಕಣ್ಣು ಅಗಲ ಮಾಡಿದ್ದೇ ತಡ, ಮುಖ ತಿರುಗಿಸಿದರು. “ಸಾಕ್ ಬಿಡ್ರೆಪಾ, ಬಂದ್ ಮಾಡ್ರಿ.”

“ಅವ್ವಾ, ಅದು ದೆವ್ವ ಅಲ್ಲರೀ, ಮನೋರೋಗ” ಅಂತ ನಾವು ಶಾಣ್ಯಾತನ ತೋರಿಸಿದೆವು.

“ದೆವ್ವಕ್ಕ ಯಾರ್ ಅಂಜತಾರ? ಆ ಹುಡುಗಿ ತೀರಿಕೊಂಡ ಮ್ಯಾಲ ಬಂದ ಸಿನಿಮಾ ಇದು. ಥೇಟರಿನ್ಯಾಗ ಆಕಿ ನಕ್ಕರ ಸೈತ ನಮಗ ಮೈ ಜುಂ ಅಂತಿತ್ತು.”

ಹೌದು, 2004ರ ಏಪ್ರಿಲ್‌ನಲ್ಲಿ ವಿಮಾನ ಬಿದ್ದು ಸೌಂದರ್ಯ ಹೋದರು, ಸಿನಿಮಾ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ನಾವು ಹುಟ್ಟೇ ಇರಲಿಲ್ಲ. ನಾವು ಕುಣಿಯೋ ಸೀನ್‌ನಲ್ಲಿ ಅವ್ವ ನೋಡತಿದ್ದದ್ದು ನಾಗವಲ್ಲಿಯನ್ನಲ್ಲ.

ಟಿಕೋಟಾದವ ಅಲ್ಲಿತನಕ ಯಾವುದಕ್ಕೂ ಅಂಜಿರಲಿಲ್ಲ. ಕತ್ತಲು, ಹೊಲ, ಕಾಲಡಿ ಸರಸರ ಸದ್ದು, ಇವೆಲ್ಲ ಅವನಿಗೆ ದಿನಾ ಇರೋ ಕೆಲಸ. ಅವತ್ತು ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿತ್ತು. ಅಪ್ಪ ದ್ರಾಕ್ಷಿ ತೋಟಕ್ಕೆ ನೀರು ಬಿಡಲು ಹೋಗಿದ್ದರು. ಹನ್ನೆರಡೂವರೆಗೆ ಅವ್ವನ ಫೋನ್ ರಿಂಗಾಯಿತು. ಸಿನಿಮಾದ್ದೇ ಇರಬೇಕು ಅಂದುಕೊಂಡು ನಾವು ನಕ್ಕೆವು. ಅವನ ಮುಖ ನೋಡಿ ನಗು ನಿಂತಿತು. ಫೋನ್ ಎದುರಿಗೇ ಇದ್ದರೂ ಕೈ ಚಾಚಲಿಲ್ಲ. ಹೋದ ವರ್ಷ ಇಂಥದೇ ಹೊತ್ತಿನಲ್ಲಿ ಫೋನ್ ಬಂದಿತ್ತಂತೆ. ದೊಡ್ಡಪ್ಪ ಮೋಟರ್ ಚಾಲೂ ಮಾಡಲು ಹೋಗಿ ಸ್ಟಾರ್ಟರ್ ಡಬ್ಬಿಯಲ್ಲಿ ಶಾಕ್ ಹೊಡೆದು ಹೋದರು. ಒಂದೇ ಬೆಂಚಿನಲ್ಲಿ ಕೂತು ಎಲೆಕ್ಟ್ರಿಕಲ್ ಲ್ಯಾಬ್ ಮಾಡಿದವರು ನಾವು, ಒಂದು ಸಲವೂ ಹೇಳಿರಲಿಲ್ಲ. ಕಡೆಗೆ ಅವ್ವನೇ ಫೋನ್ ಎತ್ತಿದರು. “ನೀರು ಬಿಟ್ಟಾತು, ಬರಾಕತ್ತೀನಿ, ಚಿಲಕ ಹಾಕಬ್ಯಾಡ್ರಿ” ಅಂದರಂತೆ ಅಪ್ಪ. ಆಮೇಲೆ ಯಾರೂ ಪ್ಲೇ ಒತ್ತಲಿಲ್ಲ.

ಅಷ್ಟೊತ್ತಿಗೆ ಗೆದ್ದಾಕಿ ಬಬಲೇಶ್ವರದಾಕಿ. ಕಾಂಜುರಿಂಗ್ ನೋಡತಾ ಚಾದರ ಎಳಕೊಂಡದ್ದು ಚಳಿಗಂತೆ. ಮರುದಿನ ವಾಪಸ್ ಬರುವಾಗ ಸಾಠ್ ಕಬರ್ ನೋಡೋಣ ಅಂತ ಗಾಡಿ ತಿರುಗಿಸಿದೆವು. ಬಿಸಿಲು, ಬಯಲು, ಒಂದರ ಪಕ್ಕ ಒಂದು ಕರಿಕಲ್ಲಿನ ಸಮಾಧಿ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫ್ಜಲ್‌ಖಾನ್, ತಾನು ತಿರುಗಿ ಬರೋದಿಲ್ಲ ಅಂತ ಜ್ಯೋತಿಷಿ ಹೇಳಿದ್ದಕ್ಕೆ ತನ್ನ 63 ಬೇಗಂಗಳನ್ನು ಕೊಂದ ಅನ್ನೋದು ನಮ್ಮೂರಿನ ಕಥೆ. ಹುಡುಗರು ನಾವು ಸಮಾಧಿಗಳ ನಡುವೆ ನಿಂತು ಫೋಟೋ ಹೊಡಕೊಂಡೆವು. ಆಕಿ ಗಾಡಿ ಹತ್ತಿರವೇ ನಿಂತಳು. ಬಾ ಅಂದರೂ ಬರಲಿಲ್ಲ.

“ಹಾಡಹಗಲ ಏನ್ ಹೆದರಿಕಿ?” ಅಂದೆವು.

“ನಾಗವಲ್ಲಿ ಸಿಟ್ಟಿನಿಂದ ತಿರುಗಿ ಬಂದ್ಲು, ಅದು ನೋಡಾಕ ಆಗತೈತಿ. ಇಷ್ಟ್ ಮಂದ್ಯಾಗ ಒಬ್ಬಾಕಿನೂ ಬರಲಿಲ್ಲ ನೋಡ್ರಿ.”

ನಮ್ಮ ಊರು, ನಾವು ಎಷ್ಟೋ ಸಲ ಬಂದ ಜಾಗ. ಮೂವರೂ ಸುಮ್ಮನೆ ಗಾಡಿ ಹತ್ತಿದೆವು.

ನಾಷ್ಟಾಕ್ಕೆ ಕೂತಾಗ ಟಿಕೋಟಾದವ “ಬಿಲ್ ನಂದು” ಅಂದ. “ನಂದೂ ಐತಿ” ಅಂದ್ಲು ಬಬಲೇಶ್ವರದಾಕಿ. ನಾಲ್ಕು ಪ್ಲೇಟ್ ಸೂಸಲಾ, ಮಿರ್ಚಿ ಭಜಿ, ಚಹಾ. ಅವನು ನಡುವೆ ಎದ್ದು ಹೊರಗೆ ಹೋಗಿ ಅಪ್ಪನಿಗೆ ಫೋನ್ ಮಾಡಿ ಬಂದ.