ಒಂದು ಗೆರೆ ಹೇಳುವ ಇನ್ನೊಂದು ಗೆರೆ

ಸೆಮಿಲಾಗ್ ಹಾಳೆ, ಚೂಪಾದ ಪೆನ್ಸಿಲ್, ಹೊರಗೆ ಗೋವಾದ ದಾಬೋಲಿಮ್‌ನ ಮಳೆ. ಬೋಡ್ ಪ್ಲಾಟ್ ಬಿಡಿಸಲು ಕೂತೆನೆಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆವರ್ತನ ಬದಲಾದಂತೆ ಸಂಕೇತ ಎಷ್ಟು ಪಟ್ಟಾಗುತ್ತದೆ (ಗೇನ್), ಎಷ್ಟು ಹಿಂದುಳಿಯುತ್ತದೆ (ಫೇಸ್) ಎಂದು ಮೇಲೊಂದು, ಕೆಳಗೊಂದು ಗೆರೆಯಲ್ಲಿ ತೋರಿಸುವ ನಕ್ಷೆ ಅದು. ಕಂಪ್ಯೂಟರ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಆದರೆ ಗೆರೆಯ ಸ್ವಭಾವ ತಿಳಿಯುವುದು ಕೈಯಿಂದ ಎಳೆದಾಗಲೇ.

10 ಕಿಲೋಓಮ್‌ನ ಒಂದು ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಜೋಡಿಸಿದರೆ ಪುಟ್ಟ ಫಿಲ್ಟರ್ ಸಿದ್ಧ. ಕೆಳಗಿನ ಸ್ವರಗಳನ್ನು ಅದು ಹಾಗೇ ಬಿಡುತ್ತದೆ. ಸುಮಾರು 159 ಹರ್ಟ್ಸ್‌ನ ಹತ್ತಿರ ಗೇನ್ ಗೆರೆ ಬಾಗುತ್ತದೆ. ಅಲ್ಲಿಂದಾಚೆ ಆವರ್ತನ ಹತ್ತು ಪಟ್ಟಾದಾಗಲೆಲ್ಲ 20 ಡೆಸಿಬೆಲ್ ಇಳಿಯುತ್ತದೆ. ಕೆಳಗಿನ ಫೇಸ್ ಗೆರೆ ಆ ತಿರುವಿನಲ್ಲಿ 45 ಡಿಗ್ರಿ ಹಿಂದುಳಿದು, ಮುಂದೆ 90ರತ್ತ ಸಾಗುತ್ತದೆ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಈ ಎರಡು ಗೆರೆಗಳ ನಂಟು. ಬೆಲ್ ಲ್ಯಾಬ್ಸ್‌ನ ಹೆಂಡ್ರಿಕ್ ಬೋಡ್ 1940ರಲ್ಲಿ ಅದನ್ನು ಬಿಡಿಸಿ ಹೇಳಿದ: ಗೇನ್ ಎಷ್ಟು ಕಡಿದಾಗಿ ಇಳಿಯುತ್ತದೋ ಫೇಸ್ ಅಷ್ಟು ಹಿಂದುಳಿಯಲೇಬೇಕು. 20 ಡೆಸಿಬೆಲ್ ಇಳಿಜಾರಿಗೆ 90 ಡಿಗ್ರಿ, 40ಕ್ಕೆ 180. ಸುಮ್ಮನೆ ತಡಮಾಡುವ ಭಾಗವೇನಾದರೂ ನಡುವೆ ಸೇರಿದರೆ ಇನ್ನೂ ಹಿಂದುಳಿಯುತ್ತದೆಯೇ ಹೊರತು ಅದಕ್ಕಿಂತ ಕಡಿಮೆಯಾಗದು. ಇದಕ್ಕೂ ಮುನ್ನ, 1926–27ರಲ್ಲಿ, ಭೌತವಿಜ್ಞಾನಿಗಳಾದ ಕ್ರೋನಿಗ್ ಮತ್ತು ಕ್ರೇಮರ್ಸ್ ಬೆಳಕಿನಲ್ಲಿ, ಹೀರಿಕೆ ಮತ್ತು ಬಾಗುವಿಕೆಯ ನಡುವೆ, ಇಂಥದೇ ಸಂಬಂಧ ಕಂಡಿದ್ದರು. ನೀರು ನೇರಳಾತೀತ ಕಿರಣಗಳನ್ನು ಹೀರುತ್ತದೆ. ಅದಕ್ಕೇ ಅದರಲ್ಲಿ ನೇರಳೆ ಬಣ್ಣ ಕೆಂಪಿಗಿಂತ ಹೆಚ್ಚು ಬಾಗುತ್ತದೆ. ಜುವಾರಿ ನದಿಯ ಮೇಲೆ ಮೂಡುವ ಕಾಮನಬಿಲ್ಲಿನಲ್ಲೂ ಈ ಗಣಿತವಿದೆ. ಎಲ್ಲಕ್ಕೂ ಬೇರು ಒಂದೇ: ಕಾರಣಕ್ಕಿಂತ ಮೊದಲು ಪರಿಣಾಮ ಬರುವುದಿಲ್ಲ.

ಈ ನಿಯಮದ ಬಿಗಿ ತಿಳಿಯಲು ನಮ್ಮೂರಿನ ಆಕಾಶ ನೋಡಿದರೂ ಸಾಕು. ಬೆಂಗಳೂರಿನಲ್ಲಿ ರೂಪುಗೊಂಡ ಯುದ್ಧವಿಮಾನ ತೇಜಸ್‌ನ ನೌಕಾ ಮಾದರಿ ಮೊದಲ ಬಾರಿ, ತುದಿ ಮೇಲಕ್ಕೆ ಬಾಗಿದ ಓಡುದಾರಿಯಾದ ಸ್ಕೀ-ಜಂಪ್‌ನಿಂದ ಹಾರಿದ್ದು ಇಲ್ಲಿನ ಐಎನ್‌ಎಸ್ ಹಂಸ ನೆಲೆಯಲ್ಲಿ, 2014ರ ಡಿಸೆಂಬರ್ 20ರಂದು. ತಾನಾಗಿ ಸ್ಥಿರವಾಗಿ ನಿಲ್ಲದ ಈ ವಿಮಾನವನ್ನು ಗಳಿಗೆ ಗಳಿಗೆಗೂ ಸಂಭಾಳಿಸುವುದು ಕಂಪ್ಯೂಟರ್. ಇಂಥ ನಿಯಂತ್ರಣದಲ್ಲಿ ಬೇಡದ ಕಂಪನವನ್ನು ಅಡಗಿಸಲೆಂದು ಗೇನನ್ನು ಒಮ್ಮೆಲೇ ಕತ್ತರಿಸಿದರೆ ಫೇಸ್ ಕೈಕೊಡುತ್ತದೆ, ತಿದ್ದುವ ಸೂಚನೆ ತಡವಾಗಿ ವಿಮಾನ ತೂಗಾಡತೊಡಗುತ್ತದೆ. ಹಾಗಾಗಿ ಗೇನ್ ಒಂದಕ್ಕಿಳಿಯುವ ಜಾಗದಲ್ಲಿ ಇಳಿಜಾರು 20 ಡೆಸಿಬೆಲ್‌ನ ಆಸುಪಾಸಿನಲ್ಲಿರಬೇಕೆಂದು ಎಂಜಿನಿಯರರು ಬಯಸುತ್ತಾರೆ.

ಎಂಜಿನಿಯರಿಂಗ್ ಓದುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಒಮ್ಮೆ ಕಂಪ್ಯೂಟರ್ ಬದಿಗಿಟ್ಟು ಗೇನ್ ಗೆರೆಯನ್ನಷ್ಟೇ ಎಳೆಯಿರಿ. ಅದರ ಇಳಿಜಾರು ನೋಡಿ ಫೇಸ್ ಗೆರೆಯನ್ನು ಊಹಿಸಿ ಬಿಡಿಸಿ. ಲೆಕ್ಕ ಹಾಕುವುದು ಆಮೇಲಿರಲಿ.